ಚರ್ಮ ಸಮಾಚಾರ: ತುರಿಕೆಗೆ ಮೆಲಟೋನಿನ್ ಮಾತ್ರೆ ಬೇಕಾ?

ಈ ತಿಂಗಳು ಬಂದ ಪತ್ರಗಳಲ್ಲಿ ಒಂದೇ ಹೆಸರು ಮತ್ತೆ ಮತ್ತೆ ಕಾಣಿಸಿತು. ಮೆಲಟೋನಿನ್. ಕತ್ತಲಾದ ಮೇಲೆ ನಮ್ಮ ದೇಹವೇ ತಯಾರಿಸುವ ನಿದ್ದೆಯ ಹಾರ್ಮೋನು ಅದು, ನಿದ್ದೆಗೆಂದು ಮೆಡಿಕಲ್ ಶಾಪಿನಲ್ಲಿ ಸಣ್ಣ ಮಾತ್ರೆಯಾಗಿಯೂ ಸಿಗುತ್ತದೆ. ಇಸುಬಿಗೆ ಒಳ್ಳೆಯದಂತೆ, ಸೋರಿಯಾಸಿಸ್ (ಚರ್ಮ ದಪ್ಪಗಾಗಿ ಹೊಟ್ಟೇಳುವ ಕಾಯಿಲೆ) ಇಳಿಸುತ್ತಂತೆ, ರೋಗನಿರೋಧಕ ಶಕ್ತಿ ಹೆಚ್ಚಿಸುತ್ತಂತೆ ಅಂತ ಯಾರೋ ವಿಡಿಯೊ ಮಾಡಿ ಹರಿಬಿಟ್ಟಿದ್ದಾರೆ. ಅದರಲ್ಲಿ ಸ್ವಲ್ಪ ನಿಜವೂ ಇದೆ, ತುಂಬಾ ಗಾಳಿಮಾತೂ ಇದೆ. ಹಾಗಾಗಿ ಈ ಸಲದ ಅಂಕಣವನ್ನು ಪೂರ್ತಿ ಅದಕ್ಕೇ ಇಟ್ಟಿದ್ದೇನೆ. ಮೊಡವೆ, ಬಂಗು, ಕೂದಲು ಉದುರುವ ಪ್ರಶ್ನೆ ಕಳಿಸಿದವರು ಮುಂದಿನ ಸಂಚಿಕೆಯವರೆಗೆ ಸ್ವಲ್ಪ ತಾಳಿ.

ಪ್ರಶ್ನೆ: ಮೇಡಂ, ನನ್ನ ಮಗನಿಗೆ ಐದು ವರ್ಷ. ಕೂಸಾಗಿದ್ದಾಗಿನಿಂದ ಇಸುಬು. ಮೊಣಕೈ ಮಡಿಕೆ, ಮೊಣಕಾಲಿನ ಹಿಂದೆ, ಕುತ್ತಿಗೆ. ಹಗಲು ಹೇಗೋ ಆಟದಲ್ಲಿ ಮರೀತಾನೆ. ರಾತ್ರಿ ಕೆರೆದುಕೊಂಡು ಕೆರೆದುಕೊಂಡು ಬೆಳಿಗ್ಗೆ ದಿಂಬಿನ ಮೇಲೆ ರಕ್ತದ ಕಲೆ. ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ನಮ್ಮ ಭಾವ ಮೆಡಿಕಲ್ ಶಾಪ್ ಇಟ್ಟಿದ್ದಾರೆ. ಮೆಲಟೋನಿನ್ 3 ಮಿಲಿಗ್ರಾಂ ಕೊಡಿ, ನಿದ್ದೆಯೂ ಬರುತ್ತೆ, ಇಸುಬೂ ವಾಸಿಯಾಗುತ್ತೆ ಅಂತಾರೆ. ಸ್ಟೀರಾಯ್ಡ್ ಮುಲಾಮು ಹಚ್ಚೋಕೆ ನನಗೆ ಭಯ. ಮಾತ್ರೆ ಕೊಡಬಹುದಾ?
— ಒಬ್ಬ ತಾಯಿ, ಹಿರಿಯೂರು

ಉತ್ತರ: ನಿಮ್ಮ ಭಾವ ಸುಮ್ನೆ ಹೇಳಿಲ್ಲ ಅಮ್ಮ. ಆ ಮಾತಿಗೆ ಒಂದು ಮೂಲ ಇದೆ. ಅದನ್ನೇ ಮೊದಲು ಹೇಳುತ್ತೇನೆ.

ತೈವಾನಿನ ಮಕ್ಕಳ ವೈದ್ಯರು ಇಸುಬಿದ್ದ, ನಿದ್ದೆಯೂ ಕೆಟ್ಟಿದ್ದ 48 ಮಕ್ಕಳ ಮೇಲೆ ಒಂದು ಪರೀಕ್ಷೆ ಮಾಡಿದರು. ಅದರ ವರದಿ 2016ರಲ್ಲಿ ಬಂತು. ರಾತ್ರಿ ಮಲಗುವ ಹೊತ್ತಿಗೆ 3 ಮಿಲಿಗ್ರಾಂ ಮೆಲಟೋನಿನ್ ನಾಲ್ಕು ವಾರ, ಇನ್ನು ನಾಲ್ಕು ವಾರ ಔಷಧಿಯೇ ಇಲ್ಲದ ಹುಸಿ ಮಾತ್ರೆ. ಯಾವಾಗ ಯಾವುದು ಅಂತ ಮಕ್ಕಳಿಗೂ ಗೊತ್ತಿಲ್ಲ, ನೋಡುವ ವೈದ್ಯರಿಗೂ ಗೊತ್ತಿಲ್ಲ. ಇಸುಬು ಎಷ್ಟಿದೆ ಅಂತ ಅಳೆಯಲು ನಮ್ಮಲ್ಲಿ 103 ಅಂಕಗಳ ಒಂದು ಲೆಕ್ಕ ಇದೆ. ಮೆಲಟೋನಿನ್ ತೆಗೆದುಕೊಂಡಾಗ ಆ ಅಂಕ ಹುಸಿ ಮಾತ್ರೆಗಿಂತ ಸುಮಾರು 9ರಷ್ಟು ಜಾಸ್ತಿ ಇಳಿಯಿತು. ಮಕ್ಕಳು ಸುಮಾರು 21 ನಿಮಿಷ ಬೇಗ ನಿದ್ದೆ ಹೋದರು. ಅಡ್ಡ ಪರಿಣಾಮ ಯಾರಲ್ಲೂ ಕಾಣಲಿಲ್ಲ.

ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ಇನ್ನೂ ಸ್ವಲ್ಪ ಹತ್ತಿರದಿಂದ ನೋಡಿ. ಮೆಲಟೋನಿನ್ ತೆಗೆದುಕೊಂಡ ಮೇಲೂ ಆ ಮಕ್ಕಳ ಸರಾಸರಿ ಅಂಕ 40ರ ಹತ್ತಿರವೇ ಇತ್ತು. ಅಂದರೆ ಇಸುಬು ಹೋಗಲಿಲ್ಲ, ಒಂದು ಮೆಟ್ಟಿಲು ಇಳಿಯಿತು ಅಷ್ಟೇ. ಆಮೇಲೆ ಇರಾನಿನಲ್ಲಿ 70 ಮಕ್ಕಳಿಗೆ 6 ಮಿಲಿಗ್ರಾಂ ಕೊಟ್ಟು ಆರು ವಾರ ನೋಡಿದರು. ಅಲ್ಲಿಯೂ ಇಸುಬಿನ ಒಟ್ಟು ಅಂಕ ಇಳಿಯಿತು. ಆದರೆ ತುರಿಕೆಯನ್ನೇ ಬೇರೆಯಾಗಿ ಅಳೆದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ನಿಮ್ಮ ಮಗನ ದೊಡ್ಡ ಕಷ್ಟ ತುರಿಕೆಯೇ ತಾನೇ?

ರಾತ್ರಿಯೇ ಯಾಕೆ ಜಾಸ್ತಿ ಅಂದರೆ, ನಮ್ಮ ದೇಹವೇ ತಯಾರಿಸುವ ಸ್ಟೀರಾಯ್ಡ್ ಒಂದಿದೆ, ಕಾರ್ಟಿಸಾಲ್. ಅದು ಉರಿಯೂತವನ್ನು ಹತೋಟಿಯಲ್ಲಿಡುತ್ತದೆ. ನಡುರಾತ್ರಿಯ ಸುಮಾರಿಗೆ ಅದು ತೀರಾ ಕಮ್ಮಿ ಇರುತ್ತದೆ. ಅದೇ ಹೊತ್ತಿಗೆ ಚರ್ಮ ಬಿಸಿಯಾಗುತ್ತದೆ, ಚರ್ಮದಿಂದ ನೀರಿನಂಶ ಆವಿಯಾಗುವುದು ಹೆಚ್ಚುತ್ತದೆ. ಒಣಗಿದ ಚರ್ಮ ಮೊದಲೇ ಸಿಟ್ಟಿನಲ್ಲಿರುತ್ತದೆ. ಅದರ ಮೇಲೆ ಬೇರೆ ಕಡೆ ಗಮನ ಸೆಳೆಯಲು ಆಟವೂ ಇಲ್ಲ, ಮಾತೂ ಇಲ್ಲ. ಕೆರೆದಷ್ಟೂ ಚರ್ಮ ಕಿತ್ತುಹೋಗಿ ತುರಿಕೆ ಇನ್ನೂ ಏರುತ್ತದೆ. ನಿದ್ದೆಗೆಟ್ಟರೆ ಮರುದಿನ ಉರಿಯೂತವೂ ಹೆಚ್ಚು. ಮೆಲಟೋನಿನ್ ಈ ಸುತ್ತಿನಲ್ಲಿ ನಿದ್ದೆಯ ಕಡೆಯಿಂದ ಒಂದು ಎಳೆ ಸಡಿಲ ಮಾಡುತ್ತದೆ. ಚರ್ಮದ ಕಡೆಯ ಎಳೆಯನ್ನು ಮುಲಾಮಿನಿಂದಲೇ ಬಿಡಿಸಬೇಕು.

ನನ್ನ ಕ್ಲಿನಿಕ್ಕಿಗೆ ಇಂಥ ಮಗು ಬಂದರೆ ಮೊದಲು ಅದರ ಉಗುರು ನೋಡುತ್ತೇನೆ. ಹಗಲೂ ರಾತ್ರಿ ಮೈಗೆ ತೀಡಿ ತೀಡಿ ಉಗುರಿನ ಮೇಲ್ಭಾಗ ಮಿರಮಿರ ಹೊಳೆಯುತ್ತಿರುತ್ತದೆ. ಅಂಚು ಸವೆದಿರುತ್ತದೆ. ಉಗುರು ಹೊಳೆಯುತ್ತಿದ್ದರೆ ಇಸುಬು ಇನ್ನೂ ಹತೋಟಿಗೆ ಬಂದಿಲ್ಲ ಅಂತಲೇ ಅರ್ಥ, ತಾಯಿ ಎಷ್ಟೇ 'ಪರವಾಗಿಲ್ಲ ಡಾಕ್ಟ್ರೇ' ಅಂದರೂ. ನಿಮ್ಮ ಮಗನ ಉಗುರನ್ನು ಇವತ್ತೇ ಕಿಟಕಿ ಬೆಳಕಿನಲ್ಲಿ ನೋಡಿ.

ಈಗ ಸ್ಟೀರಾಯ್ಡ್ ಭಯ. ಈ ಭಯ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ನಮ್ಮಲ್ಲಿ ಬೆಳ್ಳಗಾಗಲು ಅಂತ, ಹುಳುಕಡ್ಡಿಗೆ ಅಂತ ಪ್ರಬಲ ಸ್ಟೀರಾಯ್ಡ್ ಕಲಸಿದ ಟ್ಯೂಬುಗಳನ್ನು ತಿಂಗಳುಗಟ್ಟಲೆ ಮುಖಕ್ಕೆ ಬಳಿದುಕೊಂಡು ಮುಖ ಹಾಳುಮಾಡಿಕೊಂಡವರು ಎಷ್ಟೋ ಜನ. ಅದಕ್ಕೇ 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ನಿಯಮ ಬಿಗಿ ಮಾಡಿತು. ಆದರೆ ಮಗುವಿನ ಮೊಣಕೈಗೆ ವೈದ್ಯರು ಬರೆದುಕೊಟ್ಟ ಮೃದು ಮುಲಾಮನ್ನು, ಅವರು ಹೇಳಿದಷ್ಟು ದಿನ ಹಚ್ಚುವುದು ಬೇರೆ ಮಾತು. ನಿಮ್ಮ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿ. ಅಷ್ಟು ಮುಲಾಮು ನಿಮ್ಮ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಭಯದಿಂದ ಕಡಲೆಕಾಳಿನಷ್ಟು ಹಚ್ಚಿ, ಎರಡು ದಿನಕ್ಕೆ ಬಿಟ್ಟು, ಮತ್ತೆ ಕೆಂಪಾದ ಮೇಲೆ ಹಚ್ಚಿದರೆ ಟ್ಯೂಬು ಖಾಲಿಯಾಗುತ್ತದೆ, ಇಸುಬು ಇರುತ್ತದೆ.

ಸ್ನಾನ ಉಗುರುಬೆಚ್ಚಗಿನ ನೀರಿನಲ್ಲಿ, ಐದು ಹತ್ತು ನಿಮಿಷ ಸಾಕು. ಕಡಲೆಹಿಟ್ಟು, ಸೀಗೆಕಾಯಿ ಮೈಗೆ ಬೇಡ, ಇಸುಬಿನ ಚರ್ಮವನ್ನು ಅವು ಇನ್ನೂ ಒಣಗಿಸುತ್ತವೆ. ಮೈ ಉಜ್ಜದೆ ಮೆತ್ತಗೆ ಒತ್ತಿ ಒರೆಸಿ, ಇನ್ನೂ ಹಸಿ ಇರುವಾಗಲೇ ಮಾಯಿಶ್ಚರೈಸರ್ ಧಾರಾಳವಾಗಿ ಬಳಿಯಿರಿ. ದುಡ್ಡಿನ ತಾಪತ್ರಯ ಇದ್ದರೆ ಬಿಳಿ ಪೆಟ್ರೋಲಿಯಂ ಜೆಲ್ಲಿ ಸಾಕು. ಕೊಬ್ಬರಿ ಎಣ್ಣೆಯೂ ನಡೆಯುತ್ತದೆ. ಫಿಲಿಪ್ಪೀನ್ಸಿನಲ್ಲಿ 117 ಮಕ್ಕಳ ಮೇಲೆ ನೋಡಿದಾಗ, ಕಾಯಿಸದೆ ತೆಗೆದ ಶುದ್ಧ ತೆಂಗಿನೆಣ್ಣೆ ಮಿನರಲ್ ಆಯಿಲ್‌ಗಿಂತ ಚೆನ್ನಾಗಿ ಕೆಲಸ ಮಾಡಿತ್ತು. ಅಜ್ಜಿಯರಿಗೆ ಈ ಒಂದು ವಿಷಯದಲ್ಲಿ ಪೂರ್ತಿ ಅಂಕ ಕೊಡಬಹುದು. ಆದರೆ ಅದೇ ಅಜ್ಜಿ ಸಾಸಿವೆ ಎಣ್ಣೆ ಅಂದರೆ ಬೇಡ ಅನ್ನಿ.

ಇನ್ನು ಬೆಳಕು. ಅಮೆರಿಕದ ಕೊಲರಾಡೊದಲ್ಲಿ ಮೂರರಿಂದ ಐದು ವರ್ಷದ ಮಕ್ಕಳನ್ನು ಮಲಗುವ ಮುಂಚಿನ ಒಂದು ಗಂಟೆ ಪ್ರಖರ ಬೆಳಕಿನಲ್ಲಿ ಆಡಲು ಬಿಟ್ಟರು. ಅವರ ಮೈಯಲ್ಲಿ ತಾನಾಗಿ ಏಳಬೇಕಿದ್ದ ಮೆಲಟೋನಿನ್ ಶೇ. 88ರಷ್ಟು ಕುಸಿಯಿತು. ಬೆಳಕು ಆರಿಸಿ 50 ನಿಮಿಷ ಆದರೂ ಹೆಚ್ಚಿನ ಮಕ್ಕಳಲ್ಲಿ ಮೇಲೇಳಲಿಲ್ಲ. ದೊಡ್ಡವರ ಕಣ್ಣಿಗಿಂತ ಮಕ್ಕಳ ಕಣ್ಣು ಬೆಳಕನ್ನು ಜಾಸ್ತಿ ಒಳಗೆ ಬಿಟ್ಟುಕೊಳ್ಳುತ್ತದೆ. ಟ್ಯೂಬ್‌ಲೈಟು, ಟಿ.ವಿ., ಕೈಯಲ್ಲಿ ಮೊಬೈಲು, ಆಮೇಲೆ 'ನಿದ್ದೆ ಬರ್ತಿಲ್ಲ, ಮಾತ್ರೆ ಕೊಡಿ' ಅಂದರೆ ಹೇಗೆ? ಏಳೂವರೆ ಎಂಟು ಗಂಟೆಗೆ ಟ್ಯೂಬ್‌ಲೈಟ್ ಆರಿಸಿ, ಹಳದಿ ಮಂದ ದೀಪ ಹಾಕಿ. ಇದಕ್ಕೆ ಚೀಟಿ ಬೇಕಿಲ್ಲ.

ಇಷ್ಟೆಲ್ಲ ಸರಿಯಾಗಿ ಮೂರು ನಾಲ್ಕು ವಾರ ಮಾಡಿಯೂ ಮಗು ರಾತ್ರಿ ಎದ್ದು ಕೂರುತ್ತಿದ್ದರೆ, ಆಗ ಮೆಲಟೋನಿನ್ ಮಾತು ತೆಗೆಯಬಹುದು. ನಾನೂ ಕೆಲವು ಮಕ್ಕಳಿಗೆ ಕೊಟ್ಟಿದ್ದೇನೆ. ಕಮ್ಮಿ ಪ್ರಮಾಣದಿಂದ ಶುರು, ಮಲಗುವ ಅರ್ಧ ಮುಕ್ಕಾಲು ಗಂಟೆ ಮುಂಚೆ, ಕೆಲವೇ ವಾರ, ಮಕ್ಕಳ ಡಾಕ್ಟರಿಗೂ ತಿಳಿಸಿ. ಫಿಟ್ಸ್ ಇರುವ ಮಗುವಾದರೆ ಇನ್ನೂ ಎಚ್ಚರ. ವರ್ಷಗಟ್ಟಲೆ ಕೊಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಬೆಳೆಯುವ ಮಕ್ಕಳಿಗೆ ಅಷ್ಟು ಕಾಲ ಕೊಟ್ಟು ನೋಡಿದ ಮಾಹಿತಿ ತುಂಬಾ ಕಮ್ಮಿ. ಭಾವನ ಅಂಗಡಿಯಿಂದ ನೇರ ಬಾಯಿಗೆ ಅಂತೂ ಬೇಡ.

ಪ್ರಶ್ನೆ: ನನಗೆ 34. ತೋರಣಗಲ್ಲು ಕಡೆ ಕಾರ್ಖಾನೆಯಲ್ಲಿ ಕೆಲಸ. ವಾರಕ್ಕೊಂದು ಪಾಳಿ ಬದಲಾಗುತ್ತದೆ. ಮೂರು ವರ್ಷದಿಂದ ಮೊಣಕೈ, ಮೊಣಕಾಲು, ತಲೆಯಲ್ಲಿ ಸೋರಿಯಾಸಿಸ್. ನೈಟ್ ಶಿಫ್ಟ್ ವಾರ ಬಂದರೆ ಜಾಸ್ತಿ ಆಗುತ್ತದೆ. ನೈಟ್ ಶಿಫ್ಟ್‌ನಿಂದ ಮೆಲಟೋನಿನ್ ಕಮ್ಮಿಯಾಗಿ ಹೀಗಾಗಿದೆಯಾ? ಮಾತ್ರೆ ತಗೊಂಡರೆ ಸರಿಹೋಗುತ್ತಾ?
— ಬಳ್ಳಾರಿ ಜಿಲ್ಲೆಯ ಓದುಗರು

ಉತ್ತರ: ನೀವು ಗಮನಿಸಿದ್ದು ಸುಳ್ಳಲ್ಲ. ಕಣ್ಣಿಗೆ ಬೆಳಕು ಬಿದ್ದರೆ ಮಿದುಳಿನೊಳಗಿನ ಪೀನಿಯಲ್ ಗ್ರಂಥಿ ಮೆಲಟೋನಿನ್ ಮಾಡುವುದನ್ನು ನಿಲ್ಲಿಸುತ್ತದೆ. ಕತ್ತಲಾದ ಮೇಲೆ ಶುರು ಮಾಡಿ, ನಸುಕಿನ ಎರಡು ಮೂರು ಗಂಟೆ ಹೊತ್ತಿಗೆ ಗರಿಷ್ಠಕ್ಕೆ ತರುತ್ತದೆ. ಆ ಹೊತ್ತಿನಲ್ಲಿ ನೀವು ಫ್ಲಡ್‌ಲೈಟಿನ ಕೆಳಗೆ ನಿಂತಿರುತ್ತೀರಿ. 1988ರಲ್ಲೇ ಇಟಲಿಯ ವೈದ್ಯರು ಸೋರಿಯಾಸಿಸ್ ಇರುವವರ ರಕ್ತ ರಾತ್ರಿಯಿಡೀ ಪರೀಕ್ಷಿಸಿ, ಅವರಲ್ಲಿ ಈ ರಾತ್ರಿಯ ಏರಿಕೆ ಕಾಣುವುದಿಲ್ಲ ಅಂತ ಬರೆದಿದ್ದರು. ಅಮೆರಿಕದ ನರ್ಸ್‌ಗಳ ಮೇಲೆ ಬಹಳ ವರ್ಷ ನಡೆದ ಅಧ್ಯಯನದಲ್ಲೂ ಪಾಳಿ ಬದಲಾಯಿಸುತ್ತ ರಾತ್ರಿ ದುಡಿದವರಲ್ಲಿ ಸೋರಿಯಾಸಿಸ್ ಸ್ವಲ್ಪ ಜಾಸ್ತಿ ಕಂಡಿತು.

ಆದರೆ ರಾತ್ರಿ ಪಾಳಿ ಒಂಟಿಯಾಗಿ ಬರುವುದಿಲ್ಲ. ಅದರ ಜೊತೆಗೆ ನಡುರಾತ್ರಿ ಬೋಂಡಾ ಚಹಾ, ಎಚ್ಚರ ಇರಲು ಸಿಗರೇಟು, ಏರುವ ತೂಕ, ವಾರದ ಕೊನೆಗೆ ಎರಡು ಪೆಗ್ಗು ಎಲ್ಲ ಬರುತ್ತದೆ. ಸೋರಿಯಾಸಿಸ್‌ಗೆ ಇವಿಷ್ಟೂ ಆಗದ ವಸ್ತುಗಳೇ. ಹಾಗಾಗಿ ಎಷ್ಟು ಪಾಲು ಮೆಲಟೋನಿನ್‌ನದು, ಎಷ್ಟು ಪಾಲು ಸಿಗರೇಟಿನದು ಅಂತ ಬಿಡಿಸಿ ಹೇಳುವುದು ಕಷ್ಟ. ನನ್ನನ್ನು ಕೇಳಿದರೆ ನಾನು ಸಿಗರೇಟಿನ ಮೇಲೇ ಮೊದಲು ಕಣ್ಣಿಡುತ್ತೇನೆ.

ಮಾತ್ರೆಯಿಂದ ಸೋರಿಯಾಸಿಸ್ ಇಳಿಯುತ್ತದೆ ಅಂತ ಹೇಳುವಷ್ಟು ಪುರಾವೆ ಇಲ್ಲ. ಇಸುಬಿನ ಮಕ್ಕಳಿಗೆ ಮಾಡಿದಂಥ ಪರೀಕ್ಷೆಯ ಬಲ ಇಲ್ಲಿಲ್ಲ. ಬೆಳಿಗ್ಗೆ ಪಾಳಿ ಮುಗಿಸಿ ಬಂದು ಹಗಲು ನಿದ್ದೆ ಹತ್ತದಿದ್ದರೆ, ನಿದ್ದೆಗೆ ಅಂತ ಕೆಲವು ದಿನ ತೆಗೆದುಕೊಳ್ಳುವುದನ್ನು ನಿಮ್ಮ ಡಾಕ್ಟರ ಜೊತೆ ಮಾತಾಡಬಹುದು. ತೆಗೆದುಕೊಂಡು ಬೈಕ್ ಹತ್ತಬೇಡಿ, ಅಷ್ಟೇ. ಅದಕ್ಕಿಂತ ಮುಂಚೆ ಮನೆಗೆ ಬರುವಾಗ ಕಪ್ಪು ಕನ್ನಡಕ ಹಾಕಿಕೊಳ್ಳಿ. ಮಲಗುವ ಕೋಣೆಯ ಕಿಟಕಿಗೆ ದಪ್ಪ ಪರದೆ ಹಾಕಿ, ಬಳ್ಳಾರಿಯ ಬಿಸಿಲಿಗೆ ತೆಳು ಪರದೆ ಸಾಲದು. ಮೊಬೈಲನ್ನು ಬೇರೆ ಕೋಣೆಯಲ್ಲಿಡಿ.

ಒಂದು ವಿಷಯ ನೀವು ಬರೆದಿಲ್ಲ, ನಾನೇ ಕೇಳುತ್ತೇನೆ. ಬೆಳಿಗ್ಗೆ ಎದ್ದಾಗ ಬೆರಳಿನ ಗೆಣ್ಣು, ಹಿಮ್ಮಡಿ, ಸೊಂಟ ಅರ್ಧ ಗಂಟೆಗಿಂತ ಜಾಸ್ತಿ ಹೊತ್ತು ಬಿಗಿ ಹಿಡಿದಿರುತ್ತವಾ? ಉಗುರಿನ ಮೇಲೆ ಸೂಜಿ ಚುಚ್ಚಿದಂಥ ಗುಳಿಗಳಿವೆಯಾ? ಇದ್ದರೆ ಸೋರಿಯಾಸಿಸ್ ಕೀಲಿಗೂ ಇಳಿದಿರಬಹುದು. ತಡ ಮಾಡಿದರೆ ಕೀಲು ಸವೆದುಹೋಗುತ್ತದೆ, ಸವೆದದ್ದು ವಾಪಸ್ ಬರುವುದಿಲ್ಲ. ಇದನ್ನು ಬೇಗ ತೋರಿಸಿ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸೈಕ್ಲೋಸ್ಪೋರಿನ್, ಮೆಥೋಟ್ರೆಕ್ಸೇಟ್ ಥರದ ಮಾತ್ರೆ ಈಗಾಗಲೇ ನಡೆಯುತ್ತಿದ್ದರೆ ಅದರ ಜೊತೆ ಮೆಲಟೋನಿನ್ ಸೇರಿಸುವ ಮುಂಚೆ ಡಾಕ್ಟರಿಗೆ ಹೇಳಲೇಬೇಕು.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಹತ್ತು ವರ್ಷದಿಂದ ಸಂಧಿವಾತ, ರುಮಟಾಯ್ಡ್ ಅಂತ ಹೇಳಿದ್ದಾರೆ. ಮೆಲಟೋನಿನ್ ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ ಅಂತ ನಮ್ಮ ವಾಕಿಂಗ್ ಗುಂಪಿನಲ್ಲಿ ಎಲ್ಲರೂ ತೆಗೆದುಕೊಳ್ಳುತ್ತಿದ್ದಾರೆ. ನಾನೂ ಶುರು ಮಾಡಲೇ?
— ಉಡುಪಿ

ಉತ್ತರ: ಬೇಡ ಟೀಚರ್. ವಾಕಿಂಗ್ ಗುಂಪು ನಡೆಯಲು ಮಾತ್ರ ಇರಲಿ.

ರೋಗನಿರೋಧಕ ಶಕ್ತಿ ಅಂದರೆ ಒಲೆಯ ಉರಿ ಇದ್ದ ಹಾಗೆ. ಕಮ್ಮಿಯಾದರೆ ಅನ್ನ ಬೇಯುವುದಿಲ್ಲ, ಜಾಸ್ತಿಯಾದರೆ ತಳ ಹಿಡಿಯುತ್ತದೆ. ನಿಮ್ಮ ಕಾಯಿಲೆಯಲ್ಲಿ ಉರಿ ಈಗಾಗಲೇ ಜಾಸ್ತಿ. ದೇಹದ ಕಾವಲು ಪಡೆ ನಿಮ್ಮದೇ ಕೀಲಿನ ಮೇಲೆ ಬಿದ್ದಿದೆ. ಅದನ್ನು ಇನ್ನೂ ಹೆಚ್ಚಿಸಿ ಏನು ಮಾಡುತ್ತೀರಿ?

ಮೆಲಟೋನಿನ್ ಸ್ವಭಾವವೂ ಅಷ್ಟು ಸರಳವಲ್ಲ. ಅದು ಕೆಲವು ಕಡೆ ಉರಿಯೂತ ತಗ್ಗಿಸುತ್ತದೆ, ಕೋಶಗಳಿಗೆ ಹಾನಿ ಮಾಡುವ ಕಣಗಳನ್ನು ಹಿಡಿದು ಸುಮ್ಮನಾಗಿಸುತ್ತದೆ. ಇನ್ನು ಕೆಲವು ಕಡೆ ಕಾವಲು ಕೋಶಗಳನ್ನು ಎಬ್ಬಿಸುತ್ತದೆ. ನೀವು ಯಾವ ಸ್ಥಿತಿಯಲ್ಲಿದ್ದೀರಿ ಅನ್ನುವುದರ ಮೇಲೆ ಅದರ ಕೆಲಸ ತಿರುಗುತ್ತದೆ. ಬ್ರಿಟನ್ನಿನ ವೈದ್ಯರು 2007ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದಿದೆ. ನಿಮ್ಮಂಥದೇ ಸಂಧಿವಾತ ಇದ್ದವರಿಗೆ ಮಾಮೂಲಿ ಔಷಧಿಯ ಜೊತೆ ದಿನಾ ರಾತ್ರಿ 10 ಮಿಲಿಗ್ರಾಂ ಮೆಲಟೋನಿನ್ ಆರು ತಿಂಗಳು ಕೊಟ್ಟರು. ನೋವು, ಊತ ಇಳಿಯಲಿಲ್ಲ. ರಕ್ತ ಪರೀಕ್ಷೆಯಲ್ಲಿ ಉರಿಯೂತ ತೋರಿಸುವ ಕೆಲವು ಅಂಶಗಳು ಮೇಲೇರಿದವು. ಯುರೋಪಿನಲ್ಲಿ ಚೀಟಿ ಮೇಲೆ ಮಾರುವ ಒಂದು ಮೆಲಟೋನಿನ್ ಮಾತ್ರೆಯ ಮಾಹಿತಿಪತ್ರದಲ್ಲೇ, ದೇಹ ತನ್ನ ಮೇಲೆ ತಾನೇ ಬೀಳುವ ಕಾಯಿಲೆ ಇರುವವರಿಗೆ ಇದು ಸೂಕ್ತವಲ್ಲ ಅಂತ ಬರೆದಿದೆ. ಅಂಥದೇ ಇನ್ನೊಂದು ಕಾಯಿಲೆಯಾದ ಲೂಪಸ್ ಇರುವವರೂ ಇದನ್ನು ಓದಿಕೊಳ್ಳಿ. ರಕ್ತ ತೆಳುವಾಗಿಸುವ ವಾರ್ಫರಿನ್, ಮಾನಸಿಕ ಸಮಸ್ಯೆಗೆ ಕೊಡುವ ಫ್ಲೂವೊಕ್ಸಮಿನ್ ತೆಗೆದುಕೊಳ್ಳುವವರಿಗೂ ಇದು ಆಗಿಬರುವುದಿಲ್ಲ. ಫ್ಲೂವೊಕ್ಸಮಿನ್ ಜೊತೆ ಸೇರಿದರೆ ರಕ್ತದಲ್ಲಿ ಮೆಲಟೋನಿನ್ ಹಲವು ಪಟ್ಟು ಏರಿಬಿಡುತ್ತದೆ.

ಹಾಗಂತ ನಿದ್ದೆಗೂ ಕಾವಲು ಶಕ್ತಿಗೂ ನಂಟಿಲ್ಲ ಅಂತಲ್ಲ. 2002ರ ಒಂದು ಸಣ್ಣ ಅಧ್ಯಯನದಲ್ಲಿ, ಕೆಲವು ದಿನ ರಾತ್ರಿಗೆ ನಾಲ್ಕೇ ಗಂಟೆ ಮಲಗಿದ ಯುವಕರಿಗೆ ಫ್ಲೂ ಲಸಿಕೆ ಹಾಕಿದಾಗ, ಹತ್ತು ದಿನದ ನಂತರ ಅವರಲ್ಲಿ ಹುಟ್ಟಿದ, ರೋಗದ ವಿರುದ್ಧ ಹೋರಾಡುವ ಪ್ರತಿಕಾಯ ಚೆನ್ನಾಗಿ ಮಲಗಿದವರ ಅರ್ಧಕ್ಕಿಂತ ಕಮ್ಮಿ ಇತ್ತು. ನೀವು ನಿದ್ದೆ ಕಾಪಾಡಿಕೊಳ್ಳಿ. ಕೀಲು ನೋವಿಗೆ ಎಚ್ಚರವಾಗುತ್ತಿದ್ದರೆ ಅದನ್ನು ಸಂಧಿವಾತದ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಎಷ್ಟೋ ಜನ 'ಮಾತ್ರೆ ಸರಿಹೋಗಿದೆ' ಅಂತಷ್ಟೇ ಹೇಳಿ ಬಂದುಬಿಡುತ್ತಾರೆ.

ಪ್ರಶ್ನೆ: ಮಗಳು ಡಲ್ಲಾಸ್‌ನಲ್ಲಿದ್ದಾಳೆ. ಈ ಸಲ ಬರುವಾಗ ಮೆಲಟೋನಿನ್ ಗಮ್ಮಿ ಡಬ್ಬಿ ತಂದಿದ್ದಾಳೆ, ಸ್ಟ್ರಾಬೆರಿ ರುಚಿ. 'ಅಲ್ಲಿ ಎಲ್ಲರೂ ತಗೋತಾರಪ್ಪ, ಸೇಫು' ಅಂತಾಳೆ. ಮೊಮ್ಮಗನೂ ಚಾಕೊಲೇಟ್ ಅಂತ ಕೇಳ್ತಾನೆ.
— ಮೈಸೂರು

ಉತ್ತರ: ಅಮೆರಿಕದಲ್ಲಿ ಮೆಲಟೋನಿನ್ ಔಷಧಿ ಲೆಕ್ಕಕ್ಕೆ ಬರುವುದಿಲ್ಲ, ಆಹಾರ ಪೂರಕದ ಲೆಕ್ಕ. ಹಾಗಾಗಿ ಔಷಧಿಗೆ ಇರುವಷ್ಟು ತಪಾಸಣೆ ಅದಕ್ಕಿಲ್ಲ. 2023ರಲ್ಲಿ ಅಲ್ಲಿನ ಸಂಶೋಧಕರು 25 ಬಗೆಯ ಗಮ್ಮಿ ತಂದು ಪರೀಕ್ಷೆ ಮಾಡಿದರು. 22ರಲ್ಲಿ ಲೇಬಲ್ ಹೇಳಿದ್ದೇ ಒಂದು, ಒಳಗಿದ್ದದ್ದೇ ಒಂದು. ಅತಿ ಹೆಚ್ಚು ಇದ್ದದ್ದರಲ್ಲಿ ಬರೆದದ್ದರ ಮೂರು ಪಟ್ಟಿಗೂ ಜಾಸ್ತಿ. ಒಂದರಲ್ಲಂತೂ ಮೆಲಟೋನಿನ್ ಇರಲೇ ಇಲ್ಲ. ಅದಕ್ಕೂ ಮುಂಚೆ ಕೆನಡಾದಲ್ಲಿ 31 ಉತ್ಪನ್ನ ನೋಡಿದಾಗ ಎಂಟರಲ್ಲಿ ಸೆರೊಟೋನಿನ್ ಅನ್ನುವ, ಮಿದುಳು ನರಗಳಲ್ಲಿ ಕೆಲಸ ಮಾಡುವ ಬೇರೆಯದೇ ರಾಸಾಯನಿಕ ಕೂಡ ಸೇರಿಕೊಂಡಿತ್ತು.

ಮೊಮ್ಮಗನ ಮಾತು ನಗುವ ಮಾತಲ್ಲ ಸ್ವಾಮಿ. ಅಮೆರಿಕದ ವಿಷ ಮಾಹಿತಿ ಕೇಂದ್ರಗಳಿಗೆ ಮಕ್ಕಳು ಮೆಲಟೋನಿನ್ ನುಂಗಿದ ಕರೆಗಳು 2012ರಲ್ಲಿ 8,337 ಬಂದಿದ್ದವು. 2021ರಲ್ಲಿ 52,563. ಹೆಚ್ಚಿನವು ಗೊತ್ತಿಲ್ಲದೆ ನುಂಗಿದ್ದು. ಡಬ್ಬಿಯನ್ನು ಇವತ್ತೇ ಬೀರುವಿನಲ್ಲಿಟ್ಟು ಬೀಗ ಹಾಕಿ. ಮಗಳಿಗೆ ಬೇಜಾರಾಗದ ಹಾಗೆ ಹೇಳುವ ಕೆಲಸ ನಿಮ್ಮದು.

ಪ್ರಶ್ನೆ: ಮೆಲಟೋನಿನ್ ಚರ್ಮದ ಡಾಕ್ಟರೇ ಕಂಡುಹಿಡಿದದ್ದು, ತಿಂದರೆ ಬಣ್ಣ ಬೆಳ್ಳಗಾಗುತ್ತೆ ಅಂತ ಓದಿದೆ. ನಿಜಾನಾ? ಮುಂದಿನ ಫೆಬ್ರವರಿಗೆ ಮದುವೆ.
— ಹಾಸನ

ಉತ್ತರ: ಮೊದಲರ್ಧ ನಿಜ. ಎರಡನೆಯದು ಕಪ್ಪೆಗಳಿಗೆ ಮಾತ್ರ ನಿಜ!

1917ರಲ್ಲಿ ಇಬ್ಬರು ವಿಜ್ಞಾನಿಗಳು ಹಸುವಿನ ಪೀನಿಯಲ್ ಗ್ರಂಥಿಯ ಸಾರವನ್ನು ಗೊದಮೊಟ್ಟೆಗಳಿಗೆ ತಿನ್ನಿಸಿದರು. ಸ್ವಲ್ಪ ಹೊತ್ತಿಗೆ ಅವುಗಳ ಕಪ್ಪು ಮೈ ತಿಳಿಯಾಯಿತು. ಆ ಸಾರದಲ್ಲಿ ಏನಿದೆ ಅಂತ ಬಹಳ ವರ್ಷ ಯಾರೂ ಬಿಡಿಸಲಿಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದ್ದ ಆರನ್ ಲರ್ನರ್ ಚರ್ಮದ ವೈದ್ಯರು. ತೊನ್ನಿನಂಥ ಬಣ್ಣದ ಕಾಯಿಲೆಗಳಿಗೆ ಇದರಿಂದ ಏನಾದರೂ ದಾರಿ ಸಿಗಬಹುದು ಅನ್ನುವ ಆಸೆ ಅವರದು. ಕಸಾಯಿಖಾನೆಗಳಿಂದ ಲಕ್ಷಗಟ್ಟಲೆ ದನಗಳ ಪೀನಿಯಲ್ ಗ್ರಂಥಿ ತರಿಸಿದರು. ಒಂದು ಗ್ರಂಥಿ ಅಂದರೆ ಕಾಳಿನಷ್ಟು. ಅಷ್ಟೂ ಅರೆದು ಸೋಸಿ, 1958ರಲ್ಲಿ ಮೆಲಟೋನಿನ್ ಬೇರ್ಪಡಿಸಿದರು. ಕಪ್ಪೆಯ ಚರ್ಮದ ಮೇಲೆ ಅದು ಭರ್ಜರಿ ಕೆಲಸ ಮಾಡಿತು. ಮನುಷ್ಯರಿಗೆ ಕೊಟ್ಟರೆ ಬಣ್ಣ ಬದಲಾಗಲಿಲ್ಲ, ತೂಕಡಿಕೆ ಬಂತು. ಕಪ್ಪೆಯ ಬಣ್ಣದ ಕೋಶಗಳಲ್ಲಿ ಕಪ್ಪು ಕಣಗಳು ಒಂದೆಡೆ ಮುದುಡಿಕೊಳ್ಳಬಲ್ಲವು, ನಮ್ಮ ಚರ್ಮದಲ್ಲಿ ಆ ಏರ್ಪಾಡೇ ಇಲ್ಲ.

ಆದರೂ ನಮ್ಮ ಚರ್ಮಕ್ಕೂ ಮೆಲಟೋನಿನ್‌ಗೂ ಸಂಬಂಧ ಇದೆ ಅಂತ ಆಮೇಲೆ ಗೊತ್ತಾಯಿತು. ಚರ್ಮದ ಕೋಶಗಳು ತಾವೇ ಸ್ವಲ್ಪ ಮೆಲಟೋನಿನ್ ಮಾಡಿಕೊಳ್ಳುತ್ತವೆ, ಬಿಸಿಲಿನ ಹಾನಿ ತಡೆಯಲು ಬಳಸುತ್ತವೆ. ಬಿಸಿಲಿಗೆ ಹೋಗುವ ಮುಂಚೆ ಹಚ್ಚಿದರೆ ಚರ್ಮ ಕೆಂಪಾಗುವುದು ಕಮ್ಮಿಯಾಗುತ್ತದೆ, ಸುಟ್ಟ ಮೇಲೆ ಹಚ್ಚಿದರೆ ಪ್ರಯೋಜನ ಇಲ್ಲ. ಮದುವೆಗೆ ನಿಮಗೆ ಬೇಕಾಗಿರುವುದು ಸನ್‌ಸ್ಕ್ರೀನು. ಬ್ಯೂಟಿ ಪಾರ್ಲರಿನವರು ಹೆಸರಿಲ್ಲದ ಬಿಳಿ ಡಬ್ಬಿಯ ಕ್ರೀಂ ಕೊಟ್ಟರೆ ದಯವಿಟ್ಟು ಮುಟ್ಟಬೇಡಿ. ಮದುವೆ ಫೋಟೊ ಚೆನ್ನಾಗಿ ಬರಬಹುದು, ನಾಮಕರಣದ ಫೋಟೊ ಹೊತ್ತಿಗೆ ನನ್ನ ಹತ್ತಿರ ಬರುತ್ತೀರಿ.

ಪ್ರಶ್ನೆ: ಮಾತ್ರೆ ಬೇಡ ಅಂತ ರಾತ್ರಿ ಹಾಲಿಗೆ ಜಾಯಿಕಾಯಿ ತೇದು ಕೊಡ್ತೇವೆ. ಹಾಲಲ್ಲೇ ಮೆಲಟೋನಿನ್ ಇದೆಯಂತಲ್ಲ?
— ಶಿರಸಿ

ಉತ್ತರ: ಇದೆ. ಒಂದು ಲೋಟ ಹಾಲಿನಲ್ಲಿ 3 ಮಿಲಿಗ್ರಾಂ ಮಾತ್ರೆಯ ಲಕ್ಷದಲ್ಲೊಂದು ಪಾಲೂ ಇರುವುದಿಲ್ಲ. ಬೆಚ್ಚಗಿನ ಹಾಲು ಕುಡಿದು ಮಲಗುವ ಅಭ್ಯಾಸ ಒಳ್ಳೆಯದೇ, ನಾನೂ ಕುಡಿಯುತ್ತೇನೆ, ಮೆಲಟೋನಿನ್‌ಗಾಗಿ ಅಲ್ಲ. ಜಾಯಿಕಾಯಿ ವಿಷಯದಲ್ಲಿ ಮಾತ್ರ ಹುಷಾರು. ದೊಡ್ಡವರು ಒಂದೆರಡು ಸುತ್ತು ತೇದುಕೊಂಡರೆ ಏನೂ ಆಗುವುದಿಲ್ಲ. ಜಾಸ್ತಿಯಾದರೆ ಅದು ವಿಷ: ಬಾಯಿ ಒಣಗುವುದು, ಎದೆ ಹೊಡೆದುಕೊಳ್ಳುವುದು, ಭ್ರಮೆ ಕೂಡ. ಕೂಸುಗಳಿಗೆ ಕೊಡಲೇಬೇಡಿ.

ಪ್ರಶ್ನೆ: ಅಕ್ಕಾ, ನಾನು ಕಲಬುರಗಿಯಲ್ಲಿ ಹಾಸ್ಟೆಲ್‌ನಲ್ಲಿದ್ದು ಓದ್ತಿದ್ದೀನಿ. ಒಂದು ತಿಂಗಳಿಂದ ರಾತ್ರಿ ಮಲಗಿದ ಕೂಡಲೇ ಮೈಯೆಲ್ಲ ತುರಿಕೆ. ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ, ತೊಡೆ ಸಂದಿ. ನಿದ್ದೆ ಇಲ್ಲದೆ ಓದೋಕಾಗ್ತಿಲ್ಲ. ಅಲರ್ಜಿ, ಟೆನ್ಶನ್ ಅಂತ ಹೇಳಿ ಮೆಡಿಕಲ್ ಶಾಪ್‌ನವರು ಮೆಲಟೋನಿನ್, ಒಂದು ಟ್ಯೂಬು ಕೊಟ್ಟರು. ಮೊದಲೆರಡು ದಿನ ಕಮ್ಮಿ ಅನ್ನಿಸಿ ಈಗ ಇನ್ನೂ ಜಾಸ್ತಿಯಾಗಿದೆ. ರೂಂಮೇಟ್ ಒಬ್ಬನಿಗೂ ಶುರುವಾಗಿದೆ.

ಉತ್ತರ: ತಮ್ಮಾ, ರೂಂಮೇಟಿಗೂ ಶುರುವಾಗಿದೆ ಅನ್ನುವ ಕಡೆಯ ಸಾಲು ಓದಿದ ಮೇಲೆ ನನಗೆ ಹೆಚ್ಚು ಅನುಮಾನ ಉಳಿಯಲಿಲ್ಲ. ಇದು ಬಹುತೇಕ ಕಜ್ಜಿ. ಟೆನ್ಶನ್ ಅಲ್ಲ, ಮೆಲಟೋನಿನ್ ಕೊರತೆಯೂ ಅಲ್ಲ.

ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಹುಳ ಚರ್ಮದ ಮೇಲ್ಪದರದಲ್ಲಿ ಸುರಂಗ ಕೊರೆದು ಮೊಟ್ಟೆ ಇಡುತ್ತದೆ. ಬೆರಳ ಸಂದಿಯನ್ನು ಒಳ್ಳೆ ಬೆಳಕಿನಲ್ಲಿ ಹಿಗ್ಗಿಸಿ ನೋಡು. ಪೆನ್ಸಿಲ್ಲಿನಲ್ಲಿ ತೆಳುವಾಗಿ ಗೀಚಿದಂಥ, ಅರ್ಧ ಸೆಂಟಿಮೀಟರ್ ಉದ್ದದ ಸೊಟ್ಟ ಗೆರೆ ಕಾಣಬಹುದು. ಅದೇ ಸುರಂಗ. ರಾತ್ರಿ ಹಾಸಿಗೆ ಬಿಸಿಗೆ ಈ ತುರಿಕೆ ಏರುವುದು ಇದರ ಗುಣ. ಆ ಟ್ಯೂಬಿನಲ್ಲಿ ಸ್ಟೀರಾಯ್ಡ್ ಇದ್ದಿರಬೇಕು. ಅದು ನವೆಯನ್ನು ಎರಡು ದಿನ ಮುಚ್ಚಿಡುತ್ತದೆ, ಹುಳಕ್ಕೆ ಏನೂ ಮಾಡುವುದಿಲ್ಲ. ಅದನ್ನೂ ಮೆಲಟೋನಿನ್ನನ್ನೂ ಇವತ್ತೇ ನಿಲ್ಲಿಸು.

ಹತ್ತಿರದ ಸರ್ಕಾರಿ ಆಸ್ಪತ್ರೆಯ ಚರ್ಮ ವಿಭಾಗಕ್ಕೆ ಹೋಗು, ರೂಂಮೇಟನ್ನೂ ಕರೆದುಕೊಂಡು ಹೋಗು. ಸಾಮಾನ್ಯವಾಗಿ ಶೇ. 5ರ ಪರ್ಮೆಥ್ರಿನ್ ಕ್ರೀಂ ಕೊಡುತ್ತಾರೆ. ತುರಿಸುವ ಕಡೆ ಮಾತ್ರ ಹಚ್ಚಿದರೆ ಆಗಲ್ಲ. ರಾತ್ರಿ ಕುತ್ತಿಗೆಯಿಂದ ಅಂಗಾಲಿನವರೆಗೆ ಒಂದಿಂಚೂ ಬಿಡದೆ, ಉಗುರಿನ ಅಡಿಗೂ ಸೇರಿಸಿ ಹಚ್ಚಬೇಕು. ಬೆಳಿಗ್ಗೆ ಸ್ನಾನ. ನಡುವೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚು. ಒಂದು ವಾರ ಬಿಟ್ಟು ಇನ್ನೊಂದು ಸಲ, ಯಾಕೆಂದರೆ ಮೊದಲ ಸಲಕ್ಕೆ ಉಳಿದ ಮೊಟ್ಟೆಗಳು ಅಷ್ಟರಲ್ಲಿ ಒಡೆದಿರುತ್ತವೆ.

ಕೋಣೆಯಲ್ಲಿ ಇರುವ ಎಲ್ಲರೂ ಒಂದೇ ರಾತ್ರಿ ಹಚ್ಚಬೇಕು, ತುರಿಕೆ ಇಲ್ಲದವರೂ. ಇದಕ್ಕೇ ಜಗಳವಾಗುವುದು ನನಗೆ ಗೊತ್ತು. 'ನನಗೇನೂ ಆಗಿಲ್ಲ' ಅಂತಾರೆ. ಮೊದಲ ಸಲ ಹುಳ ಹತ್ತಿದಾಗ ತುರಿಕೆ ಶುರುವಾಗಲು ಎರಡರಿಂದ ಆರು ವಾರ ಹಿಡಿಯುತ್ತದೆ ಅಂತ ಅವರಿಗೆ ಹೇಳು. ಬೇಕಾದರೆ ಈ ಪುಟ ತೋರಿಸು. ಹಾಕಿಕೊಂಡ ಬಟ್ಟೆ, ಹೊದಿಕೆ, ಟವೆಲ್ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಒಗೆಯಲಾಗದ ರಗ್ಗನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ವಾರ ಇಡಿ. ಮೈಯಿಂದ ದೂರವಾದರೆ ಆ ಹುಳ ಎರಡು ಮೂರು ದಿನಕ್ಕಿಂತ ಜಾಸ್ತಿ ಬದುಕುವುದಿಲ್ಲ.

ಹುಳ ಸತ್ತ ಮೇಲೂ ಎರಡರಿಂದ ನಾಲ್ಕು ವಾರ ತುರಿಕೆ ಸ್ವಲ್ಪ ಸ್ವಲ್ಪ ಇದ್ದೇ ಇರುತ್ತದೆ. ಗಾಬರಿಯಾಗಿ ದಿನಾ ಕ್ರೀಂ ಬಳಿಯಬೇಡ, ಚರ್ಮ ಉರಿದು ಅದೇ ಬೇರೆ ಕಾಯಿಲೆಯಾಗುತ್ತದೆ. ಕೊಬ್ಬರಿ ಎಣ್ಣೆ ಹಚ್ಚು. ಹೊಸ ಗುಳ್ಳೆ ಏಳುತ್ತಿದ್ದರೆ, ಅಥವಾ ಇರುವ ಗುಳ್ಳೆಯಲ್ಲಿ ಕೀವು ಕಟ್ಟಿದ್ದರೆ ಓದಿನ ಪರೀಕ್ಷೆ ಮುಗಿಯಲಿ ಅಂತ ಕಾಯದೆ ಮತ್ತೆ ಹೋಗಿ ತೋರಿಸು.